ಎಡಚಕ್ಕನ ಸಾಲು

"ಕಾಲ ಕಡೆ ತಗ್ಸಿ, ತಲೆ ಕಡೆ ಎತ್ತಿ... ಅಯ್ಯೋ, ಚೌಕಟ್ಟು, ಚೌಕಟ್ಟು!" ಎಂದು ಬಡಗಿ ಕೂಗುವಷ್ಟರಲ್ಲಿ ಪೆಟ್ಟಿಗೆಯ ಮೂಲೆ ಬಾಗಿಲಿಗೆ ತಗುಲಿತು. ಸುಣ್ಣದ ಹಕ್ಕಳೆಯೊಂದು ಮುಚ್ಚಳದ ಮೇಲೆ ಉದುರಿತು. ಮಗಳು ಅದನ್ನು ಅಂಗೈಯಿಂದ ಒರೆಸಿದಳು, ಅಮ್ಮನ ಮೈಮೇಲಿನ ಧೂಳನ್ನೇ ಒರೆಸುವಷ್ಟು ಮೆಲ್ಲಗೆ.

ಅಂಗಳದಲ್ಲಿ ಎರಡು ಬೆಂಚು ಜೋಡಿಸಿ ಪೆಟ್ಟಿಗೆ ಇಳಿಸಿದರು. ಪಡುವಣದ ಆಕಾಶ ಮಸಿ ಹಿಡಿದ ಪಾತ್ರೆಯ ತಳದಂತಾಗಿತ್ತು. ಗಾಳಿ ಮಾತ್ರ ಇನ್ನೂ ಎದ್ದಿರಲಿಲ್ಲ. ಅದೇ ಅವಳಿಗೆ ಹೆದರಿಕೆ. ಗಾಳಿ ಎದ್ದರೆ ಅದರ ಹಿಂದೆಯೇ ಮಳೆ.

ಗುಂಡಿ ತೋಡುವವನು ಆಗಲೇ ಫೋನ್ ಮಾಡಿದ್ದ. "ಮೇಲೆಲ್ಲೋ ಮಳೆ ಬಿದ್ದಿದೆ ಕಣಮ್ಮ. ಕಾಲುವೆ ನೀರು ದಾಟೋ ಕಲ್ಲುಗಳ ನೆತ್ತಿ ಮುಟ್ಟೋ ಹಾಗಿದೆ. ಮಧ್ಯಾಹ್ನದೊಳಗೆ ದಾಟಿದ್ರೆ ದಾಟಿದ್ರಿ. ಗುಂಡೀಲಿ ನೀರು ನಿಂತ ಮೇಲೆ ನನ್ನ ಬೈಬೇಡಿ."

ಮಣ್ಣು ಮಾಡುವ ಜಾಗ ಕಾಲುವೆಯ ಆಚೆಗಿತ್ತು. ವಾಹನ ಹೋಗುವ ಸೇತುವೆಯನ್ನು ಹೊಸದು ಕಟ್ಟುತ್ತೇವೆಂದು ಕೆಡವಿ ಹಾಕಿದ್ದರು. ಉಳಿದದ್ದು ಗದ್ದೆಯ ದಾರಿ. ಆದರೆ ಆ ದಾರಿ ಈಗ ಎಲ್ಲಿದೆ? ಹಿಂದೆ ಇಲ್ಲಿ ಅಡಿಗಡಿಗೆ ಬದುವಿತ್ತು, ಬದುವಿನ ಮೇಲೆ ಬೆಳಗಿನಿಂದ ಸಂಜೆಯವರೆಗೆ ಕಾಲುಗಳಿದ್ದವು. ಕಟಾವು ಮಿಷನ್ನಿಗೆ ತಿರುಗಲು ಜಾಗ ಸಾಲದೆಂದು ಬದುಗಳನ್ನು ಒಡೆದು ಗದ್ದೆಗಳನ್ನೆಲ್ಲ ಒಂದು ಮಾಡಿದರು. ನಡೆಯುವವರೇ ಇಲ್ಲದ ಮೇಲೆ ದಾರಿ ಯಾರಿಗೆ ಬೇಕಿತ್ತು? ಕೊಯ್ಲಾದ ಮೇಲೆ ಸತ್ತವರನ್ನು ಕೂಳೆಯ ಮೇಲೆ ಹಾಯಾಗಿ ಒಯ್ಯಬಹುದಿತ್ತು. ಅಮ್ಮ ಹೋದದ್ದು ತೆನೆ ಬಲಿತು ತಲೆ ಬಾಗಿಸಿ ನಿಂತಾಗ.

ದಾರಿ ಬಿಡಿಸಿಕೊಂಡು ಬರುತ್ತೇನೆಂದು ತಮ್ಮ ಬೆಳಿಗ್ಗೆಯೇ ಮಿಷನ್ ತೆಗೆದುಕೊಂಡು ಹೋಗಿದ್ದ. ಯಜಮಾನರ ಮಿಷನ್ನು, ಯಜಮಾನರ ಗದ್ದೆ, ಓಡಿಸುವವನು ಇವನು. ಹೋದವನ ಸುದ್ದಿಯಿಲ್ಲ.

ಅಷ್ಟರಲ್ಲಿ ಅಮ್ಮನ ಗುಂಪಿನವರು ಬಂದರು.

ಬಂದರು ಎನ್ನುವುದಕ್ಕಿಂತ ಒಬ್ಬೊಬ್ಬರಾಗಿ ಸೇರಿದರು. ಒಬ್ಬಳ ಮೈಮೇಲೆ ಬಟ್ಟೆ ಕಾರ್ಖಾನೆಯ ಹಳದಿ ಅಂಗಿ, ಇನ್ನೊಬ್ಬಳ ಕೊರಳಲ್ಲಿ ಅಂಗಡಿಯ ಗುರುತಿನ ಚೀಟಿ. ಯಾರದೋ ಮನೆಯ ಮಗುವನ್ನು ನೋಡಿಕೊಳ್ಳುವವಳು ಆ ಮಗುವನ್ನೇ ಸೊಂಟದ ಮೇಲೆ ಹೊತ್ತು ತಂದಿದ್ದಳು. ಎಲ್ಲರಿಗೂ ಅರ್ಧ ದಿನದ ರಜೆ. ಎಲ್ಲರಿಗಿಂತ ಮುಂದೆ ಆಸ್ಪತ್ರೆಯ ನೀಲಿ ಬಟ್ಟೆಯಲ್ಲಿ ಗಂಟಲತ್ತೆ. ಈ ಗದ್ದೆಯಲ್ಲಿ ಕೂಗಿದರೆ ಆ ಊರಿನ ನಾಯಿ ಎದ್ದು ನಿಲ್ಲುತ್ತದೆ ಎಂದು ಅಮ್ಮನೇ ಇಟ್ಟ ಹೆಸರು ಅದು. ಈಗ ಅವಳು ಆಸ್ಪತ್ರೆಯ ನೆಲ ಒರೆಸುತ್ತಾಳೆ, ದಿನವೆಲ್ಲ ಪಿಸುಮಾತಿನಲ್ಲಿ.

ಗಂಟಲತ್ತೆ ಪೆಟ್ಟಿಗೆಯ ಮೇಲೆ ಕೈಯಿಟ್ಟಳು. ಆಮೇಲೆ ಮಗಳ ಕಡೆ ತಿರುಗಿದಳು.

"ಅವನೆಲ್ಲಿ?"

"ದಾರಿ ಬಿಡಿಸೋಕೆ ಹೋಗಿದಾನೆ ಅತ್ತೆ."

"ಮಿಷನ್ನಲ್ಲಾ?"

"ಮತ್ತೆ ಕೈಯಲ್ಲಿ ಕೊಯ್ಯೋರು ಯಾರಿದಾರೆ?"

"ನೋಡು ಮಗಳೇ, ಸಾವಿನ ಮನೇಲಿ ಜಗಳ ಬೇಡ ಅಂತ ಬಾಯಿ ಹೊಲ್ಕೊಂಡು ಬಂದಿದೀನಿ. ಆದ್ರೂ ಹೇಳ್ತೀನಿ. ಈ ಊರಲ್ಲಿ ಈ ಹೊತ್ತಿಗೆ ಗಂಡಸರಿಲ್ಲ, ಎಲ್ರೂ ಪಾಳಿಗೆ ಹೋಗಿದಾರೆ. ಇವಳನ್ನ ಎತ್ತೋಕೆ ನಮ್ಮ ಹೆಗಲೇ ಗತಿ. ಕೊಡ್ತೀವಿ. ಆದ್ರೆ ಅವನ ಹೆಗಲ ಪಕ್ಕ ನನ್ನ ಹೆಗಲು ನಿಲ್ಲಲ್ಲ."

"ಮಗ ಅಲ್ವಾ ಅತ್ತೆ ಅವನು?"

"ನಮ್ಮ ಬಾಯಿಗೆ ಮಣ್ಣು ಹಾಕಿದವನೂ ಅವನೇ ಅಲ್ವಾ?"

ಮಗಳ ಕೈ ಪೆಟ್ಟಿಗೆಯ ಅಂಚನ್ನು ಬಿಗಿಯಾಗಿ ಹಿಡಿಯಿತು. ಬಡಗಿಯ ಬೆನ್ನು ಅವನಿಗೇ ಭಾರ. ಈ ಹೆಂಗಸರು ಹಿಂದೆ ಸರಿದರೆ ಅಮ್ಮ ಬೆಂಚಿನ ಮೇಲೆಯೇ ಉಳಿಯುತ್ತಾಳೆ. ತಮ್ಮನನ್ನು ಹಿಂದೆ ನಿಲ್ಲಿಸಿದರೆ ಅವನು ಬದುಕಿರುವಷ್ಟು ದಿನ ಹಿಂದೆಯೇ ನಿಲ್ಲುತ್ತಾನೆ.

*

ಅಮ್ಮ ಎಡಗೈಯವಳು. ಕುಡುಗೋಲಿನ ಹಲ್ಲು ಬಲಗೈಗೆ ಹೊಂದುವ ಹಾಗೆ ಒಂದು ಮಗ್ಗುಲಿಗೆ ಕಡೆದಿರುತ್ತದೆ. ಅಮ್ಮನದಕ್ಕೆ ಕಮ್ಮಾರ ಇನ್ನೊಂದು ಮಗ್ಗುಲಿಗೆ ಹಲ್ಲು ಕಡೆದುಕೊಟ್ಟಿದ್ದ. ಬೇರೆ ಯಾರೇ ಅದನ್ನು ಹಿಡಿದರೂ ದಂಟು ಜಾರುತ್ತಿತ್ತು, ಬೆರಳು ಸಿಗುತ್ತಿತ್ತು. ಸಾಲಿನಲ್ಲಿ ನಿಂತಾಗಲೂ ಅಷ್ಟೆ. ನಡುವೆ ನಿಂತರೆ ಅವಳ ಎಡ ಮೊಣಕೈ ಪಕ್ಕದವಳ ಬಲ ಮೊಣಕೈಗೆ ಬಡಿಯುತ್ತಿತ್ತು. ಹಾಗಾಗಿ ಎಡದ ತುದಿ ಅವಳದು. ತುದಿಯಲ್ಲಿದ್ದವಳ ಓಟಕ್ಕೆ ಉಳಿದವರು ಕೈ ಹೊಂದಿಸಬೇಕು. ಹೀಗೆ ಯಾರೂ ಆರಿಸದೆ, ತಾನೂ ಕೇಳದೆ ಅವಳು ಗುಂಪಿನ ಮುಂದಾಳಾದಳು, ಎಲ್ಲರ ಎಡಚಕ್ಕ ಆದಳು.

ಕೊಯ್ದ ಹಿಡಿಗಳನ್ನು ಎಲ್ಲರೂ ತೆನೆ ಎಡಕ್ಕೆ ಬರುವಂತೆ ಮಲಗಿಸಿದರೆ, ಅವಳ ಹಿಡಿಗಳ ತೆನೆ ಬಲಕ್ಕೆ ಬೀಳುತ್ತಿತ್ತು. ದಾರಿಹೋಕರು ಗದ್ದೆ ನೋಡಿ ಹೇಳುತ್ತಿದ್ದರು: "ಇದು ಎಡಚಕ್ಕನ ಗುಂಪಿನ ಕೊಯ್ಲು. ತುದಿ ಸಾಲು ಮುನಿಸಿಕೊಂಡು ಆ ಕಡೆ ತಿರುಗಿ ಮಲಗಿದೆ ನೋಡಿ."

ಗುಂಪಿಗೆ ಎರಡು ಕಟ್ಟಳೆ ಇದ್ದವು. ನಿಧಾನದ ಕೈಯವಳು ಹಿಂದೆ ಬಿದ್ದರೆ ಪಕ್ಕದವರು ಮಾತಾಡದೆ ಅವಳ ಸಾಲಿಗೆ ಕೈ ಹಾಕಿ ಎರಡೆರಡು ಹಿಡಿ ಕೊಯ್ದುಕೊಡಬೇಕು. ಅದನ್ನು ಆಡಿ ತೋರಿಸಬಾರದು. ಇನ್ನೊಂದು, ಗುಂಪು ಬಿಡುವವಳು ಕುಡುಗೋಲನ್ನು ಎಡಚಕ್ಕನ ಕೈಗೆ ಕೊಟ್ಟು ಹೋಗಬೇಕು. ಹೊಸಬಳು ಅವಳ ಕೈಯಿಂದಲೇ ಅದನ್ನು ಪಡೆಯಬೇಕು. ಬಹಳ ಕಾಲ ಕುಡುಗೋಲುಗಳು ಹೀಗೆ ಬಂದು ಹೀಗೆ ಹೋಗುತ್ತಿದ್ದವು. ಆಮೇಲೆ ಬರುವುದು ಮಾತ್ರ ಉಳಿಯಿತು. ಹೊಲಿಗೆಗೆ ಹೋದವಳದು ಬಂತು. ಅಂಗಡಿಗೆ ಹೋದವಳದು ಬಂತು. ಪೇಟೆಯ ವಸತಿ ಶಾಲೆಯ ಅಡುಗೆಮನೆ ಸೇರಿದ ಮಗಳದೂ ಬಂತು. ಅವತ್ತು ಅಮ್ಮ, "ಕೈ ಕೆಸರಾದ್ರೆ ಬಾಯಿ ಮೊಸರು ಅಂತಾರೆ. ಈಗ ಕೈ ಕೆಸರು ಮಾಡ್ಕೊಳ್ಳೋಕೂ ಯಾರೂ ಕರೀತಿಲ್ಲ. ಹೋಗು, ಒಲೆ ಮುಂದೆ ಬೆಚ್ಚಗಿರು," ಎಂದು ನಕ್ಕಿದ್ದಳು.

ಮಿಷನ್ ಬರುತ್ತದೆಂದು ಗೊತ್ತಾದ ದಿನ ಇದೇ ಅಂಗಳದಲ್ಲಿ ನಿಂತು, "ಅದು ಇಳಿದ ಗದ್ದೆಗೆ ನಾವ್ಯಾರೂ ಇಳಿಯೋದು ಬೇಡ," ಎಂದವಳೂ ಅಮ್ಮನೇ. ಎಲ್ಲರೂ ಹೂಂ ಎಂದಿದ್ದರು. ಆಮೇಲೆ ಆ ಮಿಷನ್ನಿನ ಮೇಲೆ ಹತ್ತಿ ಕುಳಿತವನು ಅವಳ ಮಗ. ಆ ವರ್ಷವೇ ಅಮ್ಮ ಯಾರಿಗೂ ಹೇಳದೆ ಕುಡುಗೋಲು ತೆಗೆದುಕೊಂಡು ಗದ್ದೆಗೆ ಇಳಿದಳು. ಮಿಷನ್ನಿಗೆ ಮೂಲೆ ತಿರುಗಲು ಬರುವುದಿಲ್ಲ; ಮೊದಲು ಯಾರಾದರೂ ನಾಲ್ಕು ಮೂಲೆಗಳನ್ನು ಕೈಯಲ್ಲಿ ಕೊಯ್ದು ಕೊಡಬೇಕು. ಅದನ್ನು ಅವಳು ಕೊಯ್ದಳು.

ಸಂಜೆ ಗಂಟಲತ್ತೆ ಬಂದು ತನ್ನ ಕುಡುಗೋಲನ್ನು ಹೊಸ್ತಿಲ ಮೇಲೆ ಎಸೆದಳು. "ಬೇಲೀನೇ ಎದ್ದು ಹೊಲ ಮೇಯ್ತು!" ಎಂದಳು. ಅಮ್ಮ ಅದನ್ನು ಎತ್ತಿ ಒರೆಸಿ ಒಳಗಿಟ್ಟಳು. ಬಾಯಿ ಬಿಡಲಿಲ್ಲ.

*

ಓಡಿ ಬಂದ ತಮ್ಮನಿಗೆ ಮೊಣಕಾಲಿನವರೆಗೆ ಕೆಸರಾಗಿತ್ತು. ಅಂಗಳದ ಅಂಚಿಗೆ ಬಂದವನು ಹೆಂಗಸರನ್ನು ಕಂಡು ಅಲ್ಲೇ ನಿಂತ.

"ಅಕ್ಕಾ, ಮಿಷನ್ ಹೂತೋಯ್ತು."

"ಎಲ್ಲಿ?"

"ಕಾಲುವೆ ಮೂಲೇಲಿ. ಅಲ್ಲೀವರೆಗೂ ದಾರಿ ಬಿಡಿಸಿದೀನಿ. ಇನ್ನು ಆ ಮೂಲೆ ಒಂದೇ ಉಳಿದಿದ್ದು. ಮುಂದಿನ ಚಕ್ರ ಕೂತ್ಬಿಡ್ತು, ಹಿಂದಕ್ಕೂ ಬರಲ್ಲ, ಮುಂದಕ್ಕೂ ಹೋಗಲ್ಲ."

ಯಾರೋ ಕಿಸಕ್ಕೆಂದರು. ಹಳದಿ ಅಂಗಿಯವಳು. ಮೈಯಲ್ಲಿ ಮಾಂಸವಿಲ್ಲದ ಅವಳನ್ನು ಎಲ್ಲರೂ ಕಡ್ಡಿ ಎನ್ನುತ್ತಿದ್ದರು. "ನಮಗೆ ಸೊಂಟ ಹಿಡ್ಕೊಂಡ್ರೆ ಮನೆಗೆ ಕಳಿಸ್ತಿದ್ರು. ಅದನ್ನ ಎಲ್ಲಿಗೆ ಕಳಿಸ್ತಾರಂತೆ?"

"ಸುಮ್ನಿರೇ," ಎಂದಳು ಮಗುವನ್ನು ಹೊತ್ತವಳು. "ನಿಂತ ಬೆಳೇನ ತುಳ್ಕೊಂಡೇ ಹೋಗೋಣ. ಎಷ್ಟು ದೂರ ಮಹಾ?"

ಗಂಟಲತ್ತೆ ಸಿಡಿದಳು. "ತುಳ್ಕೊಂಡಾ? ಎಡಚಕ್ಕನ್ನ ಹೊತ್ಕೊಂಡು ನಿಂತ ತೆನೆ ತುಳೀತೀಯಾ? ಪೆಟ್ಟಿಗೆಯಿಂದ ಎದ್ದು ಕಪಾಳಕ್ಕೆ ಬಿಡ್ತಾಳೆ. ಅದೂ ಎಡಗೈಯಲ್ಲಿ."

ಮೊದಲ ಗಾಳಿ ಬಂತು. ಅಂಗಳದ ಮೂಲೆಯಲ್ಲಿದ್ದ ಒಣ ಎಲೆಗಳು ಎದ್ದು ಪೆಟ್ಟಿಗೆಯ ಕೆಳಗೆ ಹೋಗಿ ಅಡಗಿದವು.

ಮಗಳು ಒಳಗೆ ಹೋದಳು. ಅಡುಗೆಮನೆಯ ಅಟ್ಟಕ್ಕೆ ಕೈ ಹಾಕಿ ಗೋಣಿಚೀಲವೊಂದನ್ನು ಎಳೆದಳು. ಅದು ಕಬ್ಬಿಣದ ಸದ್ದು ಮಾಡುತ್ತಾ ಹೆಗಲ ಮೇಲೆ ಬಿತ್ತು. ಹೊರಗೆ ತಂದು ಗಂಟು ಬಿಚ್ಚಿ ನೆಲದ ಮೇಲೆ ಸುರಿದಳು.

ಕುಡುಗೋಲುಗಳು. ಒಂದಕ್ಕೂ ತುಕ್ಕಿರಲಿಲ್ಲ. ಎಣ್ಣೆ ಸವರಿದ ಅಲಗುಗಳು, ಬಟ್ಟೆ ಸುತ್ತಿದ ಹಿಡಿಗಳು.

"ಅಯ್ಯೋ, ಇದು ನಂದಲ್ವೇನೇ?" ಕಡ್ಡಿ ಕುಕ್ಕರಗಾಲಿನಲ್ಲಿ ಕುಳಿತು ಒಂದನ್ನೆತ್ತಿದಳು. "ಹಿಡಿ ಸೀಳಿತ್ತು, ತಂತಿ ಸುತ್ತಿದಾಳೆ ನೋಡು."

ಒಬ್ಬೊಬ್ಬರೇ ಬಾಗಿದರು. ಹೆಸರು ಬರೆದಿರಲಿಲ್ಲ, ಕೈಗೆ ನೆನಪಿತ್ತು. ಮಗಳು ಕೆಂಪು ದಾರ ಸುತ್ತಿದ್ದ ತನ್ನದನ್ನು ತೆಗೆದುಕೊಂಡಳು. ಗಂಟಲತ್ತೆ ಮಾತ್ರ ನಿಂತೇ ಇದ್ದಳು. ರಾಶಿಯಲ್ಲಿ ಅವಳದು ಎಲ್ಲಕ್ಕಿಂತ ದೊಡ್ಡದು. ಅದರ ಮೂತಿ ಹೊಸ್ತಿಲಿಗೆ ಬಡಿದು ಸೊಟ್ಟಗಾಗಿತ್ತು. ಯಾರೋ ಅದನ್ನು ಬಡಿದು ನೆಟ್ಟಗೆ ಮಾಡಿದ್ದರು.

"ಅತ್ತೆ, ಗಾಳಿ ಎದ್ದಿದೆ," ಎಂದಳು ಮಗಳು.

ಗಂಟಲತ್ತೆ ಬಾಗಿ ತನ್ನ ಕುಡುಗೋಲನ್ನು ಎತ್ತಿಕೊಂಡಳು. "ದಾರಿ ಕೊಯ್ತೀನಿ. ಅವಳಿಗಾಗಿ," ಎಂದಳು. "ಹೆಗಲಿನ ಮಾತು ಬೇರೆ."

ರಾಶಿಯಲ್ಲಿ ಒಂದು ಉಳಿಯಿತು. ಹಲ್ಲುಗಳು ತಿರುವುಮುರುವಾದದ್ದು. ಅದನ್ನು ಮಗಳು ಎಡಗೈಯಲ್ಲಿ ಹಿಡಿದು ನಡೆದಳು.

*

ಹೋದ ವರ್ಷದ ಕೊಯ್ಲಿಗೆ ರಜೆ ಹಾಕಿ ಬಂದಿದ್ದಾಗ ಮಗಳು ಅಮ್ಮನಿಗೆ ತಿಂಡಿ ತೆಗೆದುಕೊಂಡು ಗದ್ದೆಗೆ ಹೋಗಿದ್ದಳು. ಅಮ್ಮ ಕಾಲುವೆಯ ಮೂಲೆಯಲ್ಲಿದ್ದಳು. ಮೂರು ಮೂಲೆಗಳನ್ನು ಚಾಪೆಯಷ್ಟಗಲ ಕೊಯ್ದಿದ್ದವಳು ಇದನ್ನು ಅಂಗಳದಷ್ಟು ಕೊಯ್ದಿದ್ದಳು, ಇನ್ನೂ ಕೊಯ್ಯುತ್ತಿದ್ದಳು. ನಾಲ್ಕು ಹಿಡಿ ಕೊಯ್ಯುವುದು, ಎದ್ದು ಹಿಮ್ಮಡಿಯಿಂದ ನೆಲವನ್ನು ಒತ್ತುವುದು, ಮತ್ತೆ ಬಾಗುವುದು. ಬೆರಳುಗಳ ಗಂಟು ಊದಿಕೊಂಡಿದ್ದವು.

ಯಜಮಾನರು ದೂರದಿಂದ ಕೂಗಿದ್ದರು. "ಎಡಚೀ, ಪೂರ್ತಿ ಗದ್ದೆ ನೀನೇ ಕೊಯ್ಯೋದಾದ್ರೆ ನಂಗೆ ಮಿಷನ್ ಯಾಕೆ ಬೇಕಿತ್ತು?"

"ಹಳೇ ಚಾಳಿ ಯಜಮಾನ್ರೇ, ಕೈ ನಿಲ್ಲಲ್ಲ," ಎಂದಿದ್ದಳು ಅಮ್ಮ.

ಮಗಳಿಗೆ ರೇಗಿತ್ತು. "ಊರವರ ಕೈಲಿ ಮಾತು ಕೇಳಿಸ್ಕೊಂಡು ಯಾಕಮ್ಮ ಬೇಕಿತ್ತು ಇದು? ಗಂಟಲತ್ತೆ ನಿನ್ನ ಮುಖ ನೋಡಲ್ಲ. ಮೂಲೇನ ಬೇರೆ ಯಾರಾದ್ರೂ ಕೊಯ್ಕೋತಾರೆ."

"ಬೇರೆಯವರು ಎಷ್ಟು ಬೇಕೋ ಅಷ್ಟೇ ಕೊಯ್ತಾರೆ," ಎಂದಳು ಅಮ್ಮ. ಡಬ್ಬಿಯ ಮುಚ್ಚಳ ತೆಗೆದು, "ಉಪ್ಪು ಹಾಕಿದೀಯಾ ತಾನೇ? ಮಕ್ಕಳಿಗೆ ಬೇಯ್ಸಿ ಬೇಯ್ಸಿ ನಿನ್ನ ಕೈ ಸಪ್ಪೆಯಾಗಿದೆ," ಎಂದು ಮಾತು ತಿರುಗಿಸಿದಳು.

*

ಗದ್ದೆಯ ನಡುವೆ ಮಿಷನ್ ಬಿಡಿಸಿದ ದಾರಿ ನೇರವಾಗಿ ಹೋಗಿ ಮಿಷನ್ನಿನ ಬೆನ್ನಿಗೆ ಮುಗಿಯುತ್ತಿತ್ತು. ಮಿಷನ್ ಒಂದು ಮಗ್ಗುಲಿಗೆ ವಾಲಿ, ಕಾಲುವೆಯ ಕಡೆಗೆ ಮುಗ್ಗರಿಸಿ ನಿಂತಿತ್ತು. ಮುಂದಿನ ಚಕ್ರದಿಂದ ಕಾಲುವೆಯ ದಂಡೆಗೆ ಒಂದು ಮಾರು ಇದ್ದಿರಬಹುದು. ದಾಟುವ ಕಲ್ಲುಗಳು ದಂಡೆಗುಂಟ ಇನ್ನಷ್ಟು ಮುಂದೆ, ನಿಂತ ಬೆಳೆಯ ಆಚೆಗಿದ್ದವು. ದಂಡೆಯ ಕೆಳಗೆ ಕೆಂಪು ನೀರು ಸುಳಿ ಸುತ್ತುತ್ತಾ ಓಡುತ್ತಿತ್ತು.

ಕೊಡೆ ಹಿಡಿದು ನಿಂತಿದ್ದ ಯಜಮಾನರು, "ದಾರಿ ಎಷ್ಟು ಬೇಕೋ ಅಷ್ಟು ಕೊಯ್ಕೊಳ್ಳಿ. ಪಕ್ಕದ ಬೆಳೆ ಮಲಗಿಸ್ಬೇಡಿ," ಎಂದರು.

"ನಾವು ಮಲಗ್ಸಲ್ಲ ಯಜಮಾನ್ರೇ," ಎಂದಳು ಕಡ್ಡಿ, "ನಿಮ್ಮ ಮಿಷನ್ನೇ ಮಲಗಿದೆ, ಅದನ್ನ ಎಬ್ಬಿಸ್ಕೊಳ್ಳಿ."

ಗಂಟಲತ್ತೆ ಯಾರ ಮಾತಿಗೂ ಕಿವಿಗೊಡದೆ ವಾಲಿದ ಚಕ್ರವನ್ನು ನೋಡುತ್ತಿದ್ದಳು. "ಕಣ್ಣು ಎಲ್ಲಿಟ್ಟಿದ್ಯೋ?" ಎಂದಳು. ವರ್ಷಗಳ ಮೇಲೆ ಅವನೊಂದಿಗೆ ಅವಳಾಡಿದ ಮೊದಲ ಮಾತು ಅದು. "ಇನ್ನೊಂದು ಮಾರು ಜಾರಿದ್ರೆ ಕಾಲುವೇಲಿರ್ತಿದ್ದೆ. ಪ್ರತಿ ವರ್ಷ ಓಡಿಸೋನಿಗೆ ಇಲ್ಲಿ ನೆಲ ಮೆತ್ತಗಿದೆ ಅಂತ ಗೊತ್ತಿರ್ಲಿಲ್ವಾ?"

"ಗೊತ್ತಿರ್ಲಿಲ್ಲ ಅತ್ತೆ." ಅವನು ಹೂತ ಚಕ್ರದ ಕಡೆ ನೋಡಿದ. "ನಾನು ಈ ಮೂಲೆಗೆ ಯಾವತ್ತೂ ಇಳಿಸಿರ್ಲಿಲ್ಲ. ನಾನು ಬರೋ ಹೊತ್ತಿಗೆ ಅಮ್ಮ ಕೊಯ್ದು ಮುಗಿಸಿರ್ತಿದ್ಳು. ಇವತ್ತೂ ಆ ಅಭ್ಯಾಸದಲ್ಲೇ ಬಂದೆ. ಇಲ್ಲಿ ಯಾರೂ ಕೊಯ್ದಿಲ್ಲ ಅಂತ ಹೊಳೆದಿದ್ದೇ ಚಕ್ರ ಕೂತ ಮೇಲೆ."

ಗಂಟಲತ್ತೆ ಅವನನ್ನು ನೋಡಿದಳು. ಆಮೇಲೆ ಚಪ್ಪಲಿ ಕಳಚಿ ಬರಿಗಾಲಿನ ಹಿಮ್ಮಡಿಯನ್ನು ನೆಲಕ್ಕೆ ಒತ್ತಿದಳು. ನೆಲ ಮೆಲ್ಲಗೆ ಒಳಗೆ ಹೋಯಿತು. ಎರಡು ಹೆಜ್ಜೆ ಈಚೆ ಬಂದು ಮತ್ತೆ ಒತ್ತಿದಳು. ಇನ್ನೂ ಎರಡು ಹೆಜ್ಜೆ. ಅಂಗಳದಷ್ಟು ಅಗಲ ಆದ ಮೇಲೆ ನೆಲ ಗಟ್ಟಿಯಾಯಿತು. ಅಲ್ಲಿ ನಿಂತುಬಿಟ್ಟಳು.

"ಹಾಳಾದವಳು," ಎಂದಳು. ಗಂಟಲು ಅವಳದಲ್ಲ ಎನ್ನುವಷ್ಟು ಸಣ್ಣಗಿತ್ತು. "ಬಾಯಿ ಬಿಟ್ಟು ಒಂದು ಮಾತು ಹೇಳ್ಬಾರ್ದಿತ್ತಾ."

ಹನಿಯೊಂದು ಮಿಷನ್ನಿನ ತಗಡಿನ ಮೇಲೆ ಟಪ್ಪೆಂದು ಬಿತ್ತು.

"ನಿಲ್ರೇ ಸಾಲಾಗಿ!" ಈಗ ಗಂಟಲು ಅವಳದೇ. ಸೊಂಟದ ಮಗು ಬೆಚ್ಚಿ ಅತ್ತಿತು. ಅದನ್ನು ಯಜಮಾನರ ಕೈಗೆ ಕೊಟ್ಟು ಅದರ ದಾದಿಯೂ ಸಾಲಿಗೆ ಬಂದಳು. ಕೊಡೆಯನ್ನೂ ಮಗುವನ್ನೂ ಹಿಡಿದು ಯಜಮಾನರು ನಿಂತರು. ಹೆಂಗಸರು ಬಾಗಿದರು. ಮೃದುವಾದ ಅಂಗೈಗಳಲ್ಲಿ ಹಿಡಿಗಳು ಜಾರಿದವು, ಸೊಂಟಗಳು ಲಟಲಟ ಎಂದವು. ಆದರೂ ನಿಂತದ್ದು ಅವರವರ ಹಳೆಯ ಜಾಗದಲ್ಲೇ. ಹಾಗಾಗಿ ಎಡದ ತುದಿ ಖಾಲಿ ಉಳಿಯಿತು. ಅಲ್ಲಿ ಒಂದು ಸಾಲು ತೆನೆ ನಿಂತೇ ಇತ್ತು.

ಮಗಳು ತನ್ನ ಜಾಗ ಬಿಟ್ಟು ಹೊರಗೆ ಬಂದಳು. ತಮ್ಮ ಚಕ್ರದ ಪಕ್ಕದಲ್ಲಿ ಕೈ ಚೆಲ್ಲಿ ನಿಂತಿದ್ದ. ಚಿಕ್ಕವನಿದ್ದಾಗ ಅವನಿಗೆ ಅಮ್ಮ ಎಡಗೈಯಲ್ಲೇ ಉಣ್ಣಲು ಬಿಟ್ಟದ್ದು, ಬಲಗೈಗೆ ಬದಲಾಯಿಸಿ ಎಂದವರಿಗೆ, "ನನ್ನ ಹೊಟ್ಟೇಲಿ ಹುಟ್ಟಿ ಇನ್ಯಾರ ಕೈ ತರ್ತಾನೆ?" ಎಂದದ್ದು ಅವಳಿಗೆ ನೆನಪಿತ್ತು. ಗಂಟಲತ್ತೆಯ ಕಡೆ ನೋಡದೆಯೇ ಅವಳು ಅಮ್ಮನ ಕುಡುಗೋಲನ್ನು ಅವನ ಮುಂದೆ ಹಿಡಿದಳು.

"ಅಕ್ಕ, ಅವರು..."

"ಹಿಡಿಯೋ. ಬೇರೆಯವರ ಕೈಗೆ ಇದು ಆಗಲ್ಲ."

ಅವನು ಹಿಡಿದ. ಎಡದ ತುದಿಗೆ ಹೋಗಿ ಬಾಗಿದ. ಮೊದಲ ಹಿಡಿ ಅರ್ಧ ಕೊಯ್ದು ಅರ್ಧ ಕಿತ್ತುಬಂತು. ಎರಡನೆಯದು ಬಂತು. ಅವನ ಪಕ್ಕದ ಸಾಲು ಗಂಟಲತ್ತೆಯದು. ಅವಳು ತಲೆಯೆತ್ತಲಿಲ್ಲ. ಸಾಲು ಮುಂದೆ ಹೋಯಿತು, ಅವನು ಹಿಂದೆ ಬಿದ್ದ. ಮಗಳು ನೋಡುತ್ತಿದ್ದಳು. ಗಂಟಲತ್ತೆಯ ಕುಡುಗೋಲು ತನ್ನ ಸಾಲನ್ನು ಬಿಟ್ಟು ಎಡಕ್ಕೆ ಚಾಚಿತು, ಅವನ ಸಾಲಿನಿಂದ ಎರಡು ಹಿಡಿ ಕೊಯ್ದಿಟ್ಟು, ಏನೂ ಆಗದ ಹಾಗೆ ತನ್ನ ಸಾಲಿಗೆ ಮರಳಿತು.

ದಾರಿ ಕಾಲುವೆಯ ದಾಟುಗಲ್ಲುಗಳನ್ನು ಮುಟ್ಟಿದಾಗ ನೀರು ಅವುಗಳ ನೆತ್ತಿಗೆ ಇನ್ನೂ ಹತ್ತಿರಲಿಲ್ಲ.

ಅಂಗಳಕ್ಕೆ ಮರಳಿ ಪೆಟ್ಟಿಗೆಗೆ ಕೈ ಹಾಕಿದರು. "ಎಡಗಡೆ ಮುಂದಿನದು ನಿಂದು," ಎಂದಷ್ಟೇ ಗಂಟಲತ್ತೆ ಅವನಿಗೆ ಹೇಳಿ, ತಾನು ಬಲಗಡೆಗೆ ಹೆಗಲು ಕೊಟ್ಟಳು. ಮಳೆ ದಪ್ಪ ಹನಿಗಳಾಗಿ ಬೀಳತೊಡಗಿತ್ತು. ಮಗಳು ಹಿಂದಿನ ಹೆಗಲಿನಲ್ಲಿದ್ದಳು. ಕೂಳೆಯ ಮೇಲೆ ಕಾಲು ಜಾರದಂತೆ ತಲೆ ತಗ್ಗಿಸಿ ನಡೆಯುತ್ತಿದ್ದವಳಿಗೆ ವಾಲಿದ ಮಿಷನ್ನನ್ನು ದಾಟಿದ ಮೇಲೆ ಅಕ್ಕಪಕ್ಕದಲ್ಲಿ ಕೊಯ್ದು ಮಲಗಿಸಿದ ಸಾಲುಗಳು ಕಂಡವು. ತೆನೆಗಳು ನೆನೆಯುತ್ತಿದ್ದವು. ಎಲ್ಲ ಸಾಲುಗಳ ತೆನೆ ಎಡಕ್ಕೆ. ತುದಿಯಲ್ಲಿ, ಕಾಲುವೆಯವರೆಗೂ, ಸೊಟ್ಟಸೊಟ್ಟಗೆ, ಒಂದು ಸಾಲು ಮಾತ್ರ ಬಲಕ್ಕೆ ತಿರುಗಿ ಮಲಗಿತ್ತು.